ಬಸುರಿ ಮೀನನ್ನು ಮೊದಲು ಬಾಕ್ಸ್‌ನಿಂದ ಹೊರಗೆ ಬಿಡಿ

ಮೀನಿನ ಹೊಟ್ಟೆಯ ಫೋಟೊ ಕಳಿಸಿ "ಸರ್, ಇವತ್ತು ಮರಿ ಹಾಕುತ್ತಾ?" ಅಂತ ಕೇಳುವವರು ನನ್ನ ಫೋನಿನಲ್ಲಿ ಸದಾ ಇರುತ್ತಾರೆ. ಫೋಟೊದಲ್ಲಿ ಮೀನು ಆಗಲೇ ಬ್ರೀಡಿಂಗ್ ಬಾಕ್ಸ್‌ನೊಳಗೆ, ಅಂದರೆ ಬಸುರಿ ಮೀನನ್ನು ಬೇರೆ ಇಡುವ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಳಗೆ, ಕೂತಿರುತ್ತದೆ. ಅದನ್ನ ಮೊದಲು ಹೊರಗೆ ಬಿಡಿ.

ಗಪ್ಪಿ, ಮೋಲಿ, ಪ್ಲಾಟಿ ಇವೆಲ್ಲ ಮೊಟ್ಟೆ ಇಡದೆ ಮರಿಯನ್ನೇ ಹಾಕುವ ಅಕ್ವೇರಿಯಂ ಮೀನುಗಳು. ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತವೆ, ನೀರು ಬೆಚ್ಚಗಿದ್ದರೆ ಸ್ವಲ್ಪ ಬೇಗ, ತಣ್ಣಗಿದ್ದರೆ ತಡ. ಗಂಡು ಮೀನೇ ಇಲ್ಲದ ಟ್ಯಾಂಕಿನಲ್ಲೂ ಹಾಕಬಹುದು, ಯಾಕಂದ್ರೆ ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಂಡಿರುತ್ತದೆ. ಬಾಕ್ಸ್‌ನಲ್ಲಿ ದಿನಗಟ್ಟಲೆ ಕೂಡಿಹಾಕಿದರೆ ನೀರು ಸರಿಯಾಗಿ ಓಡುವುದಿಲ್ಲ, ಮೀನು ಗಾಬರಿಯಾಗಿ ದಿನ ತುಂಬುವ ಮೊದಲೇ ಮರಿ ಹಾಕಿಬಿಡುವುದೂ ಉಂಟು. ಅಂಥ ಮರಿಗಳನ್ನು ನೋಡಿದ ಕೂಡಲೇ ಗುರುತಿಸಬಹುದು. ಹೊಟ್ಟೆಯಡಿ ಹಳದಿ ಚೀಲ ಇನ್ನೂ ಅಂಟಿಕೊಂಡಿರುತ್ತದೆ, ಈಜಲಾಗದೆ ತಳದಲ್ಲಿ ಬಿದ್ದಿರುತ್ತವೆ. ಹೆಚ್ಚಿನವು ಉಳಿಯುವುದಿಲ್ಲ.

ಬಾಕ್ಸ್ ಬದಲು ಗಿಡ ಹಾಕಿ. ಜಾವಾ ಮಾಸ್ ಒಂದು ಹಿಡಿ, ಮೇಲೆ ತೇಲುವ ಹಾರ್ನ್‌ವರ್ಟ್ ಒಂದಿಷ್ಟು, ಸಾಕು. ಹುಟ್ಟಿದ ಮರಿ ತಾನೇ ಹೋಗಿ ಅದರೊಳಗೆ ಅಡಗಿಕೊಳ್ಳುತ್ತದೆ. ತಾಯಿ ಒಂದಿಷ್ಟನ್ನು ತಿನ್ನುತ್ತದೆ, ನಿಜ. ಆದರೆ ಹೊಟ್ಟೆ ತುಂಬಿದ ತಾಯಿ ಕಡಿಮೆ ತಿನ್ನುತ್ತದೆ, ಅಲ್ವಾ? ಎಲ್ಲ ಮರಿಯೂ ಬೇಕೇ ಬೇಕು ಅನ್ನುವವರು ಬೇರೆ ಟ್ಯಾಂಕ್ ಮಾಡಿ. ಹೊಟ್ಟೆ ಕೆಳಗೆ ಚೌಕಾಕಾರಕ್ಕೆ ಬಂದು, ಊಟ ಬಿಟ್ಟು, ಮೂಲೆ ಹಿಡಿದಾಗ ಅಲ್ಲಿಗೆ ಸಾಗಿಸಿ, ಹೆತ್ತ ಮೇಲೆ ತಾಯಿಯನ್ನು ವಾಪಸ್ ಬಿಡಿ. ತಿಳಿಬಣ್ಣದ ಗಪ್ಪಿಯಾದರೆ ಬಾಲದ ಕಡೆ ಹೊಟ್ಟೆ ಮುಗಿಯುವಲ್ಲಿರುವ ಕಪ್ಪು ಮಚ್ಚೆಯೊಳಗೆ, ಕೊನೆಯ ದಿನಗಳಲ್ಲಿ ಮರಿಗಳ ಕಣ್ಣು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಕಪ್ಪು ಮೋಲಿಯಲ್ಲಿ ಇದನ್ನು ಹುಡುಕಬೇಡಿ, ಸಿಗುವುದಿಲ್ಲ.

ದಪ್ಪ ಹೊಟ್ಟೆಯೆಲ್ಲ ಬಸಿರಲ್ಲ. ಮೇಲಿನಿಂದ ನೋಡಿದಾಗ ಮೈಮೇಲಿನ ಹುರುಪೆಗಳು ಎದ್ದು ನಿಂತಿದ್ದರೆ ಅದು ಡ್ರಾಪ್ಸಿ, ಅಂದರೆ ಮೈಯೊಳಗೆ ನೀರು ತುಂಬಿ ಊದಿಕೊಳ್ಳುವ ಕಾಯಿಲೆ. ಆ ಮೀನನ್ನು ಬೇರೆ ಇಡಿ.

ನೀರಿನ ವಿಷಯಕ್ಕೆ ಬರೋಣ, ಜಾಸ್ತಿ ಜನ ಎಡವುವುದು ಇಲ್ಲೇ. "ಶುದ್ಧವಾಗಿರಲಿ ಅಂತ ಆರ್‌ಓ ನೀರೇ ಹಾಕಿದ್ದೀನಿ ಸರ್" ಅನ್ನುತ್ತಾರೆ. ಈ ಮೀನುಗಳಿಗೆ ಗಡಸು ನೀರು ಬೇಕು, ಆರ್‌ಓ ಖನಿಜವನ್ನೆಲ್ಲ ತೆಗೆದುಬಿಟ್ಟಿರುತ್ತದೆ. ಅಂಥ ನೀರಿನಲ್ಲಿ ಮೋಲಿಯನ್ನು ಗಮನಿಸಿ: ಮುಂದಕ್ಕೆ ಹೋಗದೆ, ನಿಂತಲ್ಲೇ ಮೈಯನ್ನು ಅತ್ತಿತ್ತ ಕುಲುಕಿಸುತ್ತಿರುತ್ತದೆ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ ನೀರು, ಗೀಸರ್‌ಗೆ ಬಿಳಿ ಪದರ ಕಟ್ಟುತ್ತೆ ಅಂತ ನಾವು ಬೈಯುವ ಅದೇ ನೀರು, ಇವಕ್ಕೆ ಚೆನ್ನಾಗಿ ಒಗ್ಗುತ್ತದೆ. ನಲ್ಲಿ ನೀರಾದರೆ ಆಂಟಿ-ಕ್ಲೋರಿನ್ ಹಾಕದೆ ಬಳಸಬೇಡಿ. ಶಾಖ 24ರಿಂದ 28 ಡಿಗ್ರಿ ಇರಲಿ.

ಮರಿಗಳು ಹುಟ್ಟಿದ ದಿನವೇ ತಿನ್ನುತ್ತವೆ. ಚೆನ್ನಾಗಿ ಪುಡಿ ಮಾಡಿದ ಫ್ಲೇಕ್ಸ್ ನಡೆಯುತ್ತದೆ, ಆದರೆ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಆಗಷ್ಟೇ ಹುಟ್ಟಿದ ಮರಿಗಳನ್ನು ಕೊಟ್ಟರೆ ಬೆಳವಣಿಗೆಯೇ ಬೇರೆ. ಒಂದು ಲೀಟರ್ ನೀರಿಗೆ 25-30 ಗ್ರಾಂ ಕಲ್ಲುಪ್ಪು ಹಾಕಿ, ಆರ್ಟೀಮಿಯಾ ಮೊಟ್ಟೆ ಸೇರಿಸಿ, ಏರ್ ಪಂಪ್ ಬಿಟ್ಟು, ಬೆಚ್ಚಗೆ ಇಟ್ಟರೆ ಒಂದು, ಒಂದೂವರೆ ದಿನದಲ್ಲಿ ಮೊಟ್ಟೆ ಒಡೆಯುತ್ತವೆ. ಪಂಪ್ ನಿಲ್ಲಿಸಿ ಒಂದು ಪಕ್ಕ ಟಾರ್ಚ್ ಹಿಡಿದರೆ ಕಿತ್ತಳೆ ಬಣ್ಣದ ಹುಳುಗಳು ಅಲ್ಲಿಗೆ ಬಂದು ಸೇರುತ್ತವೆ, ಚಿಪ್ಪು ಮೇಲೆ ತೇಲುತ್ತದೆ. ಹುಳುಗಳನ್ನು ಎಳೆದುಕೊಂಡು ಸಿಹಿನೀರಿನಲ್ಲಿ ತೊಳೆದು ಹಾಕಿ. ಬೇಯಿಸಿದ ಮೊಟ್ಟೆಯ ಹಳದಿಯೂ ಆಗುತ್ತದೆ, ಆದರೆ ಸಾಸಿವೆ ಕಾಳಷ್ಟು ಮಾತ್ರ. ಉಳಿದದ್ದು ಕೊಳೆತು ಮರುದಿನ ಬೆಳಿಗ್ಗೆ ಮರಿಗಳೆಲ್ಲ ಸತ್ತಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ದಿನಕ್ಕೆ ಮೂರ್ನಾಲ್ಕು ಸಲ, ಚೂರೇ ಚೂರು ಕೊಡಿ.

ಫಿಲ್ಟರ್ ಸ್ಪಾಂಜಿನದ್ದೇ ಇರಲಿ, ಬೇರೆಯದ್ದಾದರೆ ಮರಿಗಳನ್ನು ಒಳಗೆಳೆದುಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ಸಣ್ಣ ಏರ್ ಪೈಪಿನಲ್ಲಿ ತಳದ ಕಸ ಎಳೆದು ಕಾಲು ಭಾಗ ನೀರು ಬದಲಿಸಿ. ಆ ನೀರನ್ನು ಬಿಳಿ ಬಕೆಟ್‌ಗೇ ಹಿಡಿಯಿರಿ, ಜೊತೆಗೆ ಬಂದುಬಿಟ್ಟ ಮರಿ ಎದ್ದು ಕಾಣುತ್ತದೆ.

ಒಂದು ತಿಂಗಳಾಗುತ್ತಿದ್ದಂತೆ ಗಂಡು ಗಪ್ಪಿಗಳ ಹೊಟ್ಟೆಯಡಿಯ ರೆಕ್ಕೆ ಕಡ್ಡಿಯಂತೆ ಚೂಪಾಗುತ್ತಾ ಬರುತ್ತದೆ. ಆಗಲೇ ಬೇರೆ ಮಾಡಿ, ಇಲ್ಲದಿದ್ದರೆ ಅಕ್ಕ ತಂಗಿಯರೆಲ್ಲ ಮತ್ತೆ ಬಸುರಿ. ಹೆಚ್ಚಾದ ಮೀನುಗಳನ್ನು ದಯವಿಟ್ಟು ಕೆರೆಗೆ ಸುರಿಯಬೇಡಿ. ಹತ್ತಿರದ ಅಕ್ವೇರಿಯಂ ಅಂಗಡಿಯಲ್ಲಿ ಕೇಳಿ ನೋಡಿ, ದುಡ್ಡು ಕೊಡದಿದ್ದರೂ ಒಂದು ಡಬ್ಬಿ ಫುಡ್ ಆದರೂ ಕೊಟ್ಟಾರು.