ಮೂರು ಸಲವೂ ಅದೇ ಡಿಗ್ರಿ ಬಂತು, ಹಾಗಾದರೆ ಅಳತೆ ಸರಿಯೇ?

ಪ್ರಶ್ನೆ: ಮಂಡಿ ಎಷ್ಟು ಮಡಚುತ್ತದೆ ಅಂತ ಮೊಬೈಲ್ ಆ್ಯಪ್‌ನಲ್ಲಿ ಅಳೆಯುತ್ತೇನೆ. ಮೂರು ಸಲ ಅಳೆದರೂ 112.4 ಬರುತ್ತದೆ. ಪ್ಲಾಸ್ಟಿಕ್ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ, ಎರಡು ತೋಳಿನ ಉಪಕರಣ) ಹಿಡಿದರೆ 105. ಮತ್ತೆ ಮತ್ತೆ ಒಂದೇ ಅಂಕಿ ಕೊಡುವ ಆ್ಯಪ್ಪನ್ನೇ ನಂಬಬಹುದಲ್ವಾ?

ಉತ್ತರ: ಇಷ್ಟರಿಂದಲೇ ನಂಬುವ ಹಾಗಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ಸಿಗುತ್ತಿಲ್ಲ. ಉಪಕರಣದ ಹೆಸರು ಬದಲಾಗುತ್ತದೆ, ಕೀಲು ಬದಲಾಗುತ್ತದೆ, "ಮೂರು ಸಲವೂ ಅದೇ ಬಂತು" ಅನ್ನುವ ಮಾತು ಮಾತ್ರ ಹಾಗೇ ಇರುತ್ತದೆ. ಆದ್ದರಿಂದ ಇವತ್ತು ಈ ಒಂದು ನಂಬಿಕೆಯನ್ನೇ ಹಿಡಿದು ಕೂರುತ್ತೇನೆ.

ಜಾಮಿಟ್ರಿ ಬಾಕ್ಸ್‌ನಲ್ಲಿ 30, 60, 90 ಡಿಗ್ರಿಯ ಸೆಟ್ ಸ್ಕ್ವೇರ್ ಇರುತ್ತದಲ್ಲ, ಅದನ್ನು ತೆಗೆಯಿರಿ. 60ರ ಮೂಲೆಯ ಎರಡು ಅಂಚಿಗೂ ಗೋನಿಯೋಮೀಟರ್‌ನ ಎರಡು ತೋಳುಗಳನ್ನು ಒತ್ತಿ ಹಿಡಿದು ಓದಿ. ಸರಿಯಾದ ಗೋನಿಯೋಮೀಟರ್ ಆದರೆ 60 ಬರುತ್ತದೆ. ತೋಳು ಸ್ವಲ್ಪ ಬಾಗಿರುವ ಹಳೆಯದೊಂದನ್ನು ನಾನು ಪಾಠಕ್ಕೆಂದೇ ಎತ್ತಿಟ್ಟುಕೊಂಡಿದ್ದೇನೆ. ಅದೇ ಮೂಲೆಗೆ ಅದು 64 ತೋರಿಸುತ್ತದೆ. ಎತ್ತಿ ಮತ್ತೆ ಹಿಡಿದರೂ 64. ಹತ್ತು ವಿದ್ಯಾರ್ಥಿಗಳು ಒಬ್ಬರಾದ ಮೇಲೆ ಒಬ್ಬರು ಹಿಡಿದರೂ 64. 90ರ ಮೂಲೆಗೆ 94, 30ರ ಮೂಲೆಗೆ 34. ಇಷ್ಟು ಚೆನ್ನಾಗಿ ಒಂದೇ ಮಾತು ಹೇಳುವ ಉಪಕರಣ ಸಿಗುವುದು ಕಷ್ಟ. ಆದರೆ ಅದು ಹೇಳುವುದು ಪ್ರತಿ ಸಲವೂ 4 ಡಿಗ್ರಿ ತಪ್ಪು.

ಒಂದೇ ಥರ ತೋರಿಸುವುದು ಒಂದು ಗುಣ, ಸರಿ ತೋರಿಸುವುದು ಇನ್ನೊಂದು ಗುಣ. ಮೊದಲನೆಯದು ಇದ್ದರೆ ಎರಡನೆಯದೂ ಇದೆ ಅಂತ ಯಾವ ಭರವಸೆಯೂ ಇಲ್ಲ. ಮೊದಲನೆಯದನ್ನು ನೋಡಲು ಮತ್ತೆ ಮತ್ತೆ ಅಳೆದರೆ ಸಾಕು. ಎರಡನೆಯದಕ್ಕೆ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಕೋನವೊಂದು ಕೈಯಲ್ಲಿರಬೇಕು.

ಇನ್ನೊಂದು ಮಾತು. ಮೂರು ಸಲವೂ ಅದೇ ಬಂತು ಅನ್ನುವುದನ್ನೂ ಅಷ್ಟು ಸುಲಭವಾಗಿ ಒಪ್ಪಬೇಡಿ. ಮೊದಲ ಸಲ 112 ನೋಡಿದ ಕಣ್ಣಿಗೆ ಎರಡನೇ ಸಲವೂ 112 ಬೇಕಾಗಿರುತ್ತದೆ. ಗೊತ್ತಿಲ್ಲದ ಹಾಗೆ ಕೈ ಒಂಚೂರು ಸರಿಯುತ್ತದೆ. ಗೋನಿಯೋಮೀಟರ್‌ನಲ್ಲಾದರೆ 93 ಇದ್ದದ್ದು ಪುಸ್ತಕದಲ್ಲಿ 95 ಆಗುತ್ತದೆ, 91 ಇದ್ದದ್ದು 90. ಅದಕ್ಕೇ ಪರೀಕ್ಷೆ ಮಾಡುವಾಗ ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಓದಿ ಬರೆಯಬೇಕು. ಹಿಡಿದವರಿಗೆ ಅಂಕಿ ಕಾಣಲೇಬಾರದು. ಎರಡು ಅಳತೆಗಳ ನಡುವೆ ಉಪಕರಣವನ್ನು ಪೂರ್ತಿ ತೆಗೆದು, ಕಾಲನ್ನು ನೇರ ಮಾಡಿಸಿ, ಮೂಳೆಯ ಗುರುತನ್ನು ಹೊಸದಾಗಿ ಹುಡುಕಬೇಕು. ಇಟ್ಟಲ್ಲೇ ಇಟ್ಟು ಮೂರು ಸಲ ಓದಿದರೆ ಅದು ಮೂರು ಅಳತೆ ಅಲ್ಲ.

ಆ .4 ನೋಡಿಯೂ ಮೋಸ ಹೋಗಬೇಡಿ. ಆ್ಯಪ್ ಎಷ್ಟು ಸಣ್ಣ ಅಂಕಿಯವರೆಗೆ ತೋರಿಸುತ್ತದೆ ಅಂತ ಮಾತ್ರ ಅದು ಹೇಳುತ್ತದೆ. ಮೊಬೈಲನ್ನು ನೀವು ಮೂಳೆಗೆ ಸಮನಾಗಿ ಇಟ್ಟಿದ್ದೀರಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಮೊಬೈಲ್ ಸುಮಾರು 15 ಸೆಂಟಿಮೀಟರ್ ಉದ್ದ ಇರುತ್ತದೆ ಅಂದುಕೊಳ್ಳಿ. ಅದರ ಒಂದು ತುದಿ 1 ಸೆಂಟಿಮೀಟರ್ ಮೇಲೆದ್ದರೆ ಸುಮಾರು 4 ಡಿಗ್ರಿ ವ್ಯತ್ಯಾಸ. ತೊಡೆ ಮೇಲೆ ದಪ್ಪ, ಕೆಳಗೆ ತೆಳ್ಳಗೆ. ಒಂದು ಸೆಂಟಿಮೀಟರ್ ಏನು, ಅದಕ್ಕಿಂತ ಜಾಸ್ತಿಯೇ ಏಳುತ್ತದೆ. ಕವರ್ ಅಥವಾ ಕ್ಯಾಮೆರಾದ ಉಬ್ಬಿನಿಂದ ಆಗುವ ವಾಲು ಬೇರೆ ಥರದ್ದು. ತೊಡೆಯ ಮೇಲೂ ಮೊಣಕಾಲ ಕೆಳಗೂ ಮೊಬೈಲನ್ನು ಒಂದೇ ರೀತಿ ಇಟ್ಟು ಒಂದರಿಂದ ಇನ್ನೊಂದನ್ನು ಕಳೆದರೆ ಅದು ಹೊರಟುಹೋಗುತ್ತದೆ. ಮಾಂಸಖಂಡದ ಆಕಾರದಿಂದ ಬಂದ ತಪ್ಪು ಹಾಗೆ ಹೋಗುವುದಿಲ್ಲ, ಏಕೆಂದರೆ ಎರಡು ಜಾಗದ ಆಕಾರ ಒಂದೇ ಅಲ್ಲ.

ಗೋನಿಯೋಮೀಟರ್‌ಗೂ ಇದೇ ಕಷ್ಟ ಇದೆ. ಮಂಡಿಗೆ ಅದರ ನಡುವನ್ನು ತೊಡೆಮೂಳೆಯ ಕೆಳತುದಿಯ ಹೊರ ಉಬ್ಬಿನ ಮೇಲೆ ಇಡಬೇಕು. ಒಂದು ತೋಳು ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ತೊಡೆಮೂಳೆಯ ಗಂಟಿನ ಕಡೆಗೆ, ಇನ್ನೊಂದು ಪಾದದ ಕೀಲಿನ ಹೊರಗಡೆಯ ಗಂಟಿನ ಕಡೆಗೆ. ಮೂರು ಗಂಟುಗಳನ್ನೂ ಬೆರಳಿನಿಂದ ಒತ್ತಿ ಹುಡುಕಬೇಕು, ಕಣ್ಣಂದಾಜು ನಡೆಯುವುದಿಲ್ಲ. ನಡುವಿನ ರಿವೆಟ್ ಸಡಿಲಾಗಿದ್ದರೆ ಎತ್ತಿ ಓದುವಷ್ಟರಲ್ಲಿ ತೋಳು ಜಾರಿರುತ್ತದೆ. ಆದ್ದರಿಂದ 105 ಅನ್ನುವುದೂ ಸತ್ಯ ಅಂತ ನಾನು ಹೇಳುತ್ತಿಲ್ಲ. ಮೂಳೆಗಳ ನಿಜವಾದ ಕೋನ ಬೇಕಾದರೆ ಎಕ್ಸ್-ರೇಯಲ್ಲಿ ನೋಡಬೇಕು. ಚರ್ಮದ ಮೇಲೆ ಗುರುತು ಅಂಟಿಸಿ ಕ್ಯಾಮೆರಾಗಳಿಂದ ಹಿಡಿಯುವ ದುಬಾರಿ ವ್ಯವಸ್ಥೆಯಲ್ಲೂ ಚರ್ಮ ಮೂಳೆಯ ಮೇಲೆ ಜಾರುತ್ತದೆ.

ಕುತ್ತಿಗೆ ತಿರುಗಿಸುವುದನ್ನು ಅಳೆಯುವವರಿಗೆ ಒಂದು ಎಚ್ಚರಿಕೆ. ಮೊಬೈಲ್‌ನ ವಾಲು ಅಳೆಯುವ ಸೆನ್ಸರ್ ನೆಚ್ಚಿಕೊಂಡಿರುವುದು ಭೂಮಿಯ ಸೆಳೆತವನ್ನು. ಕೂತು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರೆ ಆ ಸೆಳೆತದ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಆಗ ಆ್ಯಪ್ ಒಳಗಿನ ದಿಕ್ಸೂಚಿಯನ್ನು ನಂಬಿದರೆ ಪಕ್ಕದ ಕಬ್ಬಿಣದ ಕುರ್ಚಿಯೂ ಅಂಕಿಯನ್ನು ಕೆಡಿಸಬಲ್ಲದು.

ಇದೇ ತಪ್ಪು ತಿಳಿವಳಿಕೆ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಇನ್ನೊಂದು ರೂಪದಲ್ಲಿ ಬರುತ್ತದೆ. "ಆ್ಯಪ್‌ಗೂ ಗೋನಿಯೋಮೀಟರ್‌ಗೂ ಕೋರಿಲೇಷನ್ 0.98 ಬಂತು, ಆದ್ದರಿಂದ ಆ್ಯಪ್ ನಿಖರ." ಓದಿದಾಗೆಲ್ಲ ಬೇಜಾರಾಗುತ್ತದೆ. ಗೋನಿಯೋಮೀಟರ್ ಐದು ಜನರಿಗೆ 60, 75, 90, 105, 120 ಕೊಟ್ಟಿತು, ಆ್ಯಪ್ 68, 83, 98, 113, 128 ಕೊಟ್ಟಿತು ಅಂದುಕೊಳ್ಳಿ. ಕೋರಿಲೇಷನ್ ಲೆಕ್ಕ ಹಾಕಿ ನೋಡಿ, ಸರಿಯಾಗಿ 1 ಬರುತ್ತದೆ, ಅದಕ್ಕಿಂತ ಹೆಚ್ಚು ಬರಲು ಸಾಧ್ಯವೇ ಇಲ್ಲ. ಆದರೆ ಐದೂ ಜನರಲ್ಲಿ 8 ಡಿಗ್ರಿ ಅಂತರ. ಎರಡು ಸಾಲು ಅಂಕಿಗಳು ಜೊತೆಯಾಗಿ ಏರುತ್ತವೆ ಅಂತಷ್ಟೇ ಕೋರಿಲೇಷನ್ ಹೇಳುವುದು, ಎರಡೂ ಒಂದೇ ಅಂತಲ್ಲ.

ಸಂಖ್ಯಾಶಾಸ್ತ್ರಜ್ಞರಾದ ಮಾರ್ಟಿನ್ ಬ್ಲ್ಯಾಂಡ್ ಮತ್ತು ಡಗ್ಲಸ್ ಆಲ್ಟ್‌ಮನ್ 1986ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಪ್ರತಿಯೊಬ್ಬರ ಎರಡು ಅಳತೆಗಳ ವ್ಯತ್ಯಾಸ ತೆಗೆಯಿರಿ. ಆ ವ್ಯತ್ಯಾಸಗಳ ಸರಾಸರಿ ಎಷ್ಟು, ಅವು ಎಷ್ಟು ಹರಡಿವೆ ಅಂತ ನೋಡಿ. ಸರಾಸರಿ 2 ಡಿಗ್ರಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಎಷ್ಟು ಹರಡಿವೆ ಅಂತ ಹೇಳುವ ಅಳತೆ) 3 ಬಂದರೆ, ಆ 3ನ್ನು 1.96ರಿಂದ ಗುಣಿಸಿ, ಬಂದದ್ದನ್ನು ಸರಾಸರಿಗೆ ಒಮ್ಮೆ ಕೂಡಿ, ಒಮ್ಮೆ ಅದರಿಂದ ಕಳೆಯಿರಿ. ಸುಮಾರು ಮೈನಸ್ 4ರಿಂದ ಪ್ಲಸ್ 8. ಅಂದರೆ ನೂರರಲ್ಲಿ ಸುಮಾರು 95 ಸಲ ಆ್ಯಪ್ ಈ ಮಿತಿಯೊಳಗೆ ಹೆಚ್ಚುಕಡಿಮೆ ತೋರಿಸುತ್ತದೆ. ಇಷ್ಟು ತಪ್ಪು ನಡೆಯುತ್ತದಾ ಅಂತ ಹೇಳಬೇಕಾದವರು ಚಿಕಿತ್ಸೆ ಕೊಡುವವರು. ಅದನ್ನು ಯಾವ ಸೂತ್ರವೂ ಹೇಳುವುದಿಲ್ಲ.

ಇಲ್ಲಿಗೆ ಬಂದ ಮೇಲೆ ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ, ಏಕೆಂದರೆ ರೋಗಿಗೆ ಬೇಕಾಗಿರುವುದು ಅದೇ. ಹೋದ ವಾರ 108 ಇತ್ತು, ಈ ವಾರ 112. ಸುಧಾರಣೆ ಆಯ್ತಾ? ಅದೇ ಕೈ, ಅದೇ ಉಪಕರಣ, ಏನೂ ಬದಲಾಗದ ಮಂಡಿಯನ್ನು ಮತ್ತೆ ಮತ್ತೆ ಅಳೆದಾಗ ಅಂಕಿಗಳು ಎಷ್ಟು ಚದುರುತ್ತವೆ ಅಂತ ಮೊದಲು ಗೊತ್ತಿರಬೇಕು. ಆ ಚದುರುವಿಕೆಯ ಸ್ಟ್ಯಾಂಡರ್ಡ್ ಡೀವಿಯೇಷನ್ 3 ಡಿಗ್ರಿ ಆದರೆ ಅದನ್ನು 2.77ರಿಂದ ಗುಣಿಸಿ. ಎರಡು ಅಳತೆಗಳಲ್ಲೂ ತಪ್ಪು ಇರುತ್ತದೆ, ಅದಕ್ಕೇ 1.96ನ್ನು 2ರ ವರ್ಗಮೂಲದಿಂದ ಗುಣಿಸಿದ ಅಂಕಿ ಇದು. 8 ಡಿಗ್ರಿಗಿಂತ ಚೂರು ಜಾಸ್ತಿ ಬರುತ್ತದೆ. ಅಷ್ಟು ದಾಟದ ಬದಲಾವಣೆ ಮಂಡಿಯದ್ದೋ ನಿಮ್ಮ ಕೈಯದ್ದೋ ಹೇಳಲಾಗುವುದಿಲ್ಲ. 4 ಡಿಗ್ರಿ ನಿಜವಾಗಿ ಬಂದಿರಲೂಬಹುದು. ಇನ್ನಷ್ಟು ಖಚಿತವಾಗಬೇಕಾದರೆ ಪ್ರತಿ ವಾರ ಮೂರು ಸಲ ಅಳೆದು ಸರಾಸರಿ ತೆಗೆಯಿರಿ, ವ್ಯಾಯಾಮಕ್ಕೆ ಮೊದಲು ಅಳೆದರೆ ಪ್ರತಿ ಸಲ ಮೊದಲೇ ಅಳೆಯಿರಿ. ಮಲಗಿಸಿ ಅಳೆದಿರೋ ಕೂರಿಸಿಯೋ, ಅವರೇ ಮಡಚಿದರೋ ನೀವು ಒತ್ತಿ ಮಡಚಿಸಿದಿರೋ, ಅದನ್ನೂ ಅಂಕಿಯ ಪಕ್ಕದಲ್ಲೇ ಬರೆಯಿರಿ.

ಈಗ ನಿಮ್ಮ 112 ಮತ್ತು 105. ಎರಡನ್ನೂ ಸೆಟ್ ಸ್ಕ್ವೇರ್‌ನ ಮೂರು ಮೂಲೆಗಳಿಗೂ ಹಿಡಿದು ನೋಡಿ. ಎರಡೂ ಅಲ್ಲಿ ಸರಿ ಬಂದರೆ ಆ 7 ಡಿಗ್ರಿ ಹುಟ್ಟಿದ್ದು ನೀವು ಅವನ್ನು ಕಾಲಿನ ಮೇಲೆ ಇಟ್ಟ ಜಾಗದಲ್ಲಿ. ಆಮೇಲೆ ಒಂದನ್ನು ಆರಿಸಿಕೊಂಡು ಅದರಲ್ಲೇ ಅಳೆಯಿರಿ. ಒಂದು ವಾರ ಆ್ಯಪ್, ಮುಂದಿನ ವಾರ ಗೋನಿಯೋಮೀಟರ್ ಹಿಡಿದು "ಏಳು ಡಿಗ್ರಿ ಕಡಿಮೆಯಾಯ್ತು" ಅಂತ ರೋಗಿಯ ಪುಸ್ತಕದಲ್ಲಿ ಬರೆಯಬೇಡಿ.