ಒತ್ತಕ್ಷರಕ್ಕೆ ಒಗ್ಗುವ ಬ್ರಷ್

ಕಂಪ್ಯೂಟರ್, ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರೆಯುವ ಸಾಫ್ಟ್‌ವೇರಿಗೆ ಇಂಟರ್ನೆಟ್ಟಿನಿಂದ ಒಂದು ಕ್ಯಾಲಿಗ್ರಫಿ ಬ್ರಷ್ ಇಳಿಸಿಕೊಂಡು ‘ಶ್ರೀ ಲಕ್ಷ್ಮೀ ಸ್ಟೋರ್ಸ್’ ಎಂದು ಬರೆದು ನೋಡಿ. ‘ಲ’ ಅಂದವಾಗಿಯೇ ಬರುತ್ತದೆ. ಪಕ್ಕದ ‘ಕ್ಷ್ಮೀ’ಗೆ ಬಂದ ಕೂಡಲೇ ಬ್ರಷ್ಷಿನ ಬಂಡವಾಳ ಬಯಲಾಗುತ್ತದೆ. ಷ ಒತ್ತಿನ ಸೀಳು ಮುಚ್ಚಿಹೋಗುತ್ತದೆ. ಮ ಒತ್ತು ಮುದ್ದೆಯಾಗುತ್ತದೆ. ಕೊನೆಯ ಅರ್ಕಾವತ್ತು ಬಾಲ ಕಳೆದುಕೊಂಡು ಸೊನ್ನೆಯಾಗುತ್ತದೆ. ಬ್ರಷ್ ಕೆಟ್ಟದ್ದು ಅಂತಲ್ಲ. ಮಾಡಿದವರು ಇಂಗ್ಲಿಷ್ ಅಕ್ಷರ ಬರೆದು ಪರೀಕ್ಷೆ ಮಾಡಿದ್ದಾರೆ, ಅಷ್ಟೇ. ಒಂದು ಅಕ್ಷರದ ಕೆಳಗೆ ಇನ್ನೆರಡು ಅಕ್ಷರ ಕೂರಿಸುವ ಗೊಡವೆ ಅವರಿಗಿಲ್ಲ.

ಲೆಟರಿಂಗ್, ಅಂದರೆ ಅಕ್ಷರಗಳನ್ನು ಚಂದವಾಗಿ ಬರೆಯುವ ಕಲೆ, ಕಲಿಯಲು ಬರುವವರು “ಮೇಡಂ, ಇದು ಯಾವ ಬ್ರಷ್?” ಎಂದು ಕೇಳುತ್ತಾರೆ. ಬರೆಯಬೇಕಾದ ಹೆಸರಿನಲ್ಲಿ ಅತಿ ಚಿಕ್ಕ, ಅತಿ ಸಿಕ್ಕಾದ ಒತ್ತಕ್ಷರ ಯಾವುದು ನೋಡಿ ಎನ್ನುತ್ತೇನೆ. ಬ್ರಷ್ಷನ್ನು ಅದಕ್ಕೆ ಒಗ್ಗಿಸಿ. ದೊಡ್ಡ ಅಕ್ಷರಗಳು ತಾವಾಗಿ ಬರುತ್ತವೆ.

ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಈಗ ಬೇಡಿಕೆಯೂ ಜಾಸ್ತಿ. 2024ರ ಕಾನೂನು ತಿದ್ದುಪಡಿಯ ನಂತರ ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂದಿರಾನಗರದ ಕೆಫೆಯವರ ಹತ್ತಿರ, ಜಯನಗರದ ಬಟ್ಟೆ ಅಂಗಡಿಯವರ ಹತ್ತಿರ ಚಂದದ ಇಂಗ್ಲಿಷ್ ಲೋಗೊ ಇರುತ್ತದೆ. ಅದರ ಮೇಲೆ ಕೈಗೆ ಸಿಕ್ಕ ಫಾಂಟಿನಲ್ಲಿ ಕನ್ನಡ ಟೈಪ್ ಮಾಡಿ ಕೂರಿಸುತ್ತಾರೆ. ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಹಾಗಂತ ಇಂಗ್ಲಿಷಿನ ಆಕಾರವನ್ನು ಕನ್ನಡದ ಮೇಲೆ ಹೇರಲು ಹೋಗಬೇಡಿ. ‘ರ’ ಎಂಬುದನ್ನು ಇಂಗ್ಲಿಷಿನ ‘ಓ’ ಮಾಡಿ, ಮೇಲೊಂದು ತಲೆಕಟ್ಟು ಅಂಟಿಸಿದ ಬೋರ್ಡುಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಕ್ಷರ ಕನ್ನಡದ್ದೇ ಇರಲಿ. ಗೆರೆಯ ದಪ್ಪ, ತುದಿಯ ಒರಟು, ಬಣ್ಣ ಒಣಗಿದ ಗುರುತು, ಇವು ಒಂದೇ ಬ್ರಷ್ಷಿನದಾಗಿದ್ದರೆ ಸಾಕು. ಎರಡನ್ನೂ ಒಂದೇ ಕೈ ಬರೆದಿದೆ ಎಂದು ಕಣ್ಣು ಒಪ್ಪುತ್ತದೆ. ಅಂಥ ಬ್ರಷ್ ರೆಡಿಮೇಡ್ ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಐಪ್ಯಾಡಿನ ಪ್ರೊಕ್ರಿಯೇಟ್, ಫೋಟೋಶಾಪ್, ಕ್ರಿಟಾ, ಯಾವುದಾದರೂ ಒಳಗಿನ ಲೆಕ್ಕ ಹೆಚ್ಚುಕಮ್ಮಿ ಒಂದೇ. ನೀವು ಎಳೆದ ದಾರಿಯುದ್ದಕ್ಕೂ ಒಂದು ಚಿಕ್ಕ ಚಿತ್ರವನ್ನು ಸಾಫ್ಟ್‌ವೇರ್ ಠಸ್ಸೆ ಹೊಡೆದಂತೆ ಒತ್ತುತ್ತಾ ಹೋಗುತ್ತದೆ. ಆ ಚಿತ್ರ ಶೇಪ್. ಒಂದು ಠಸ್ಸೆಗೂ ಇನ್ನೊಂದಕ್ಕೂ ನಡುವಿನ ಅಂತರ ಸ್ಪೇಸಿಂಗ್. ಒಳಗೆ ತುಂಬುವ ಒರಟುತನ ಗ್ರೇನ್. ಇವುಗಳಲ್ಲಿ ಕ್ರಿಟಾ ಪೂರ್ತಿ ಉಚಿತ, ಹಾಗಾಗಿ ಐಪ್ಯಾಡ್ ಇಲ್ಲವೆಂದು ಕೊರಗಬೇಕಾಗಿಲ್ಲ.

ಶೇಪ್‌ಗೆ ಪೇಂಟ್ ಅಂಗಡಿಯ ಅರ್ಧ ಇಂಚಿನ ಚಪ್ಪಟೆ ಬ್ರಷ್ ಸಾಕು. ಕಪ್ಪು ಇಂಕಿನಲ್ಲಿ ಅದ್ದಿ, ಹಳೇ ಪೇಪರಿಗೆ ಒರೆಸಿ, ಬಿಳಿ ಹಾಳೆಯ ಮೇಲೆ ಸುಮ್ನೆ ಒತ್ತಿ ಎತ್ತಿ. ಹಾಳೆ ತುಂಬುವವರೆಗೆ ಒತ್ತಿ, ಒಳ್ಳೆಯ ಗುರುತು ಆರಿಸಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕಪ್ಪು-ಬಿಳುಪು ಹೊಂದಿಸುವ ಲೆವೆಲ್ಸ್ ಎಳೆದು ಹಿನ್ನೆಲೆಯನ್ನು ಅಚ್ಚ ಬಿಳಿ ಮಾಡಿ. ಸ್ವಲ್ಪ ಬೂದು ಉಳಿದರೂ ಗೆರೆಯ ಸುತ್ತ ಕೊಳೆಯಂತೆ ಬೀಳುತ್ತದೆ. ಚೌಕವಾಗಿ ಕತ್ತರಿಸಿ. ಫೋಟೋಶಾಪಿನಲ್ಲಿ ‘ಡಿಫೈನ್ ಬ್ರಷ್ ಪ್ರಿಸೆಟ್’ ಒತ್ತಿದರೆ ಮುಗಿಯಿತು, ಆದರೆ ಚಿತ್ರದ ಅಗಲ, ಎತ್ತರ 2500 ಪಿಕ್ಸೆಲ್ ದಾಟಬಾರದು. ಅಲ್ಲಿ ಕಪ್ಪು ಇದ್ದ ಕಡೆ ಬಣ್ಣ ಬೀಳುತ್ತದೆ. ಪ್ರೊಕ್ರಿಯೇಟಿನಲ್ಲಿ ಉಲ್ಟಾ, ಬಿಳಿ ಇದ್ದ ಕಡೆ ಬೀಳುತ್ತದೆ. ಶೇಪ್ ಎಡಿಟರ್‌ನಲ್ಲಿ ಎರಡು ಬೆರಳಿನಿಂದ ತಟ್ಟಿ ತಿರುಗಿಸಿಕೊಳ್ಳಬಹುದು.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಕನ್ನಡಕ್ಕೆ ನಿಜವಾದ ಕೆಲಸ ರೊಟೇಶನ್‌ನಿಂದ ಶುರು.

ಕೋನ ಬದಲಾಗದ ಚಪ್ಪಟೆ ಬ್ರಷ್ಷಿನಿಂದ ಒಂದು ಸೊನ್ನೆ ಬರೆಯಿರಿ. ಎರಡು ಕಡೆ ದಪ್ಪ, ಎರಡು ಕಡೆ ಕೂದಲೆಳೆ. ತುದಿ ಚಪ್ಪಟೆಯಾದ ಕಟ್ ನಿಬ್‌ನ ಇಂಗ್ಲಿಷ್ ಬರವಣಿಗೆಗೆ ಆ ದಪ್ಪ-ತೆಳುವೇ ಚಂದ. ಕನ್ನಡದಲ್ಲಿ ಗೆರೆ ಹೆಜ್ಜೆಹೆಜ್ಜೆಗೆ ತಿರುಗುತ್ತದೆ. ‘ಣ’, ‘ಞ’, ‘ಖು’ ಬರೆದು ನೋಡಿ. ದಪ್ಪ, ತೆಳು ಎಲ್ಲೆಲ್ಲೋ ಬಂದು ಅಕ್ಷರ ತೇಪೆ ಹಾಕಿದ ಹಾಗಿರುತ್ತದೆ. ಗೆರೆಯ ಜೊತೆಗೇ ಬ್ರಷ್ ತಿರುಗುವಂತೆ, ಅಂದರೆ ರೊಟೇಶನ್ ಸ್ಲೈಡರನ್ನು ‘ಫಾಲೋ ಸ್ಟ್ರೋಕ್’ ಕಡೆ ಪೂರ್ತಿ ತಳ್ಳಿದರೆ ದಪ್ಪ ಎಲ್ಲ ಕಡೆ ಸಮ ಬರುತ್ತದೆ. ಆಗ ಅಕ್ಷರದಲ್ಲಿ ಜೀವ ಇರುವುದಿಲ್ಲ. ಬೇಕಾದದ್ದು ಇವೆರಡರ ನಡುವೆ ಎಲ್ಲೋ ಇದೆ.

ಎಲ್ಲಿದೆ ಎಂದು ತಿಳಿಯಲು ಎನಾಮೆಲ್‌ನಲ್ಲಿ ಬೋರ್ಡ್ ಬರೆಯುವವರನ್ನು ನೋಡಬೇಕು. ಈಗ ಅವರು ಕಡಿಮೆ. ಲಾರಿ, ಟೆಂಪೊ, ಆಟೊಗಳ ಹಿಂದೆ ಬರೆಯುವವರು ಇನ್ನೂ ಸಿಗುತ್ತಾರೆ. ಸಿಕ್ಕರೆ ಬೋರ್ಡ್ ನೋಡಬೇಡಿ, ಅವರ ಹೆಬ್ಬೆರಳು ನೋಡಿ. ತಿರುವು ಬಂದಾಗ ಬ್ರಷ್ಷನ್ನು ಬೆರಳಿನ ನಡುವೆ ಚೂರು ಹೊರಳಿಸುತ್ತಾರೆ. ಪೂರ್ತಿ ಅಲ್ಲ, ಬೇಕಾದಷ್ಟೇ. ದಪ್ಪ ಎಲ್ಲಿ ಇರಬೇಕು ಎಂದು ತೀರ್ಮಾನಿಸುವುದು ಆ ಹೊರಳು. ಟ್ಯಾಬ್ಲೆಟ್ಟಿನಲ್ಲಿ ಅದಕ್ಕೆ ಹತ್ತಿರದ್ದು ಅಜಿಮತ್, ಪೆನ್ಸಿಲ್ ಯಾವ ಕಡೆ ವಾಲಿದೆಯೋ ಬ್ರಷ್ ಆ ಕಡೆ ತಿರುಗುತ್ತದೆ. 2024ರಲ್ಲಿ ಬಂದ ಆಪಲ್ ಪೆನ್ಸಿಲ್ ಪ್ರೊದಲ್ಲಿ ಪೆನ್ಸಿಲ್ಲನ್ನೇ ಬೆರಳಿನಲ್ಲಿ ಹೊರಳಿಸಬಹುದು, ಬ್ರಷ್ಷೂ ಹೊರಳುತ್ತದೆ. ಬೋರ್ಡ್ ಬರೆಯುವವರ ವಿದ್ಯೆ ಅಷ್ಟು ದುಬಾರಿ ಸಾಧನದೊಳಗೆ ಕೊನೆಗೂ ಬಂತು ನೋಡಿ! ಅದಿಲ್ಲದಿದ್ದರೆ ನಷ್ಟವಿಲ್ಲ. ರೊಟೇಶನ್ ಅರ್ಧಕ್ಕಿಂತ ಸ್ವಲ್ಪ ಮೇಲಿಟ್ಟು, ಶೇಪಿನ ಚಪ್ಪಟೆತನ ಕಡಿಮೆ ಮಾಡಿ. ನಾನು ಹೆಚ್ಚಾಗಿ ಹೀಗೇ ಕೆಲಸ ಮಾಡುವುದು.

ಸ್ಪೇಸಿಂಗ್ ಫೋಟೋಶಾಪಿನಲ್ಲಿ ಸಾಮಾನ್ಯವಾಗಿ ಶೇ. 25ರಲ್ಲಿ ಇರುತ್ತದೆ. ಉದ್ದ ಗೆರೆಗೆ ನಡೆಯುತ್ತದೆ. ಚಿಕ್ಕ ಸುರುಳಿಯ ಅಂಚಿನಲ್ಲಿ ಗರಗಸದ ಹಲ್ಲು ಕಾಣುತ್ತದೆ. 5ರ ಆಸುಪಾಸಿಗೆ ಇಳಿಸಿ. ಪ್ರೊಕ್ರಿಯೇಟಿನ ಸ್ಟ್ರೀಮ್‌ಲೈನ್ ಬಗ್ಗೆ ಮಾತ್ರ ಹುಷಾರು. ನಡುಗುವ ಕೈಗೆ ಅದು ವರ, ನಿಜ. ಆದರೆ ಅದು ಗೆರೆಯನ್ನು ನಯಗೊಳಿಸುವುದೇ ಸಣ್ಣ ತಿರುವುಗಳನ್ನು ನುಂಗಿ. ಒತ್ತಕ್ಷರವೆಂದರೆ ಸಣ್ಣ ತಿರುವುಗಳೇ ಅಲ್ವಾ? ‘ಜ್ಞ’ದ ಒತ್ತು ಬರೆಯುವಾಗ ನೀವು ಮೂರು ಬಾಗು ಕೊಟ್ಟರೆ ಪರದೆಯ ಮೇಲೆ ಒಂದೂವರೆ ಉಳಿದಿರುತ್ತದೆ. ಒಂದೇ ಬ್ರಷ್ಷಿನ ಎರಡು ಪ್ರತಿ ಇಟ್ಟುಕೊಳ್ಳಿ: ಮೈ ಅಕ್ಷರಕ್ಕೆ ಸ್ಟ್ರೀಮ್‌ಲೈನ್ ಜಾಸ್ತಿ ಇರುವುದು, ಒತ್ತಿಗೆ ಬಹುತೇಕ ಸೊನ್ನೆ ಇರುವುದು.

ಒತ್ತಿನ ಗಾತ್ರ ಅರ್ಧ ಎಂದು ಬ್ರಷ್ಷಿನ ಗಾತ್ರವನ್ನೂ ಅರ್ಧ ಮಾಡಬಾರದು. ಗೆರೆ ಬಡಕಲಾಗಿ, ದೂರದಿಂದ ಒತ್ತು ಮಾಯವಾಗುತ್ತದೆ. ಮುಕ್ಕಾಲು ಪಾಲು ದಪ್ಪ ಉಳಿಸಿಕೊಂಡು, ಒತ್ತಿನ ಹೊಟ್ಟೆಯನ್ನು ಸ್ವಲ್ಪ ಅಗಲಿಸಿ. ಪ್ರೊಕ್ರಿಯೇಟಿನ ಸೈಜ್ ಸ್ಲೈಡರ್ ಪಕ್ಕದ ಪ್ಲಸ್ ಒತ್ತಿದರೆ ಆ ಎರಡು ಗಾತ್ರಗಳ ಗುರುತು ಅಲ್ಲೇ ಉಳಿಯುತ್ತದೆ. ಗೆರೆಯ ತುದಿ ಚೂಪಾಗಿಸುವ ಟೇಪರ್ ಕೂಡ ಒತ್ತಿಗೆ ಕಡಿಮೆ ಇರಲಿ. ಗೆರೆಯೇ ಗಿಡ್ಡ, ಎರಡೂ ತುದಿ ಚೂಪಾದರೆ ನಡುವೆ ಏನು ಉಳಿಯುತ್ತದೆ?

ಗ್ರೇನ್ ಬಗ್ಗೆ ಜನ ಅನಗತ್ಯ ತಲೆ ಕೆಡಿಸಿಕೊಳ್ಳುತ್ತಾರೆ. ಕಲ್ಲು ಚಪ್ಪಡಿಯ ಅಥವಾ ಸುಣ್ಣದ ಗೋಡೆಯ ಫೋಟೊ ಸಾಕು. ಆ ಚಿತ್ರವನ್ನು ಪಕ್ಕಪಕ್ಕ ಇಟ್ಟಾಗ ಅಂಚು ಕೂಡುವಂತೆ ಮಾಡಲು ಕ್ರಿಟಾದ ರ‍್ಯಾಪ್ ಅರೌಂಡ್ ಸುಲಭ. ಗೋಡೆ ಮೇಲೆ ಬರೆದ ಹಾಗೆ ಬೇಕಿದ್ದರೆ ಪ್ರೊಕ್ರಿಯೇಟಿನಲ್ಲಿ ‘ಟೆಕ್ಸ್ಚರೈಸ್ಡ್’, ಬಣ್ಣ ಆರಿದ ಬ್ರಷ್ಷಿನ ಹಾಗೆ ಬೇಕಿದ್ದರೆ ‘ಮೂವಿಂಗ್’.

ಅಕ್ಷರಗಳನ್ನೇ ಠಸ್ಸೆ ಬ್ರಷ್ ಮಾಡಿ ಮಾರುವವರೂ ಇದ್ದಾರೆ. ಇಂಗ್ಲಿಷಿನ 26 ಅಕ್ಷರಕ್ಕೆ ಅದು ನಡೆಯುತ್ತದೆ. ನಮ್ಮಲ್ಲಿ 34 ವ್ಯಂಜನಗಳಿವೆ, ಪ್ರತಿಯೊಂದಕ್ಕೂ ಕಾಗುಣಿತ, ಪ್ರತಿಯೊಂದಕ್ಕೂ ಒಂದು ಒತ್ತು. ಲೆಕ್ಕ ಹಾಕಲು ಕೂತರೆ ಸಂಜೆಯಾಗುತ್ತದೆ. ತಲೆಕಟ್ಟು, ಕೊಂಬು, ದೀರ್ಘ, ಇಂಥ ಬಿಡಿ ಭಾಗಗಳನ್ನು ಮಾಡಿಟ್ಟುಕೊಂಡರೆ ಒರಟು ಸ್ಕೆಚ್ಚಿಗೆ ಉಪಯೋಗ. ಕೊನೆಗೆ ಕೊಡುವ ಬರಹದಲ್ಲಿ ಅವನ್ನು ಉಳಿಸಬೇಡಿ, ಎಲ್ಲ ತಲೆಕಟ್ಟೂ ಅಚ್ಚೊತ್ತಿದ ಹಾಗೆ ಒಂದೇ ಇದ್ದರೆ ಕೈಬರಹ ಎಂದು ಯಾರೂ ನಂಬುವುದಿಲ್ಲ.

ಅಡಿಯಲ್ಲಿ ಫಾಂಟ್ ಇಟ್ಟು ಮೇಲೆ ಬರೆಯುವ ಅಭ್ಯಾಸವಿದ್ದರೆ, ಹಳೆಯ ಫೋಟೋಶಾಪಿನಲ್ಲಿ ಮೊದಲು ‘ವರ್ಲ್ಡ್ ರೆಡಿ ಲೇಔಟ್’ ಹಾಕಿಕೊಳ್ಳಿ. ಇಲ್ಲವಾದರೆ ಒತ್ತುಗಳು ಬಿಡಿಬಿಡಿಯಾಗಿ ಬಿದ್ದು, ಅವನ್ನೇ ಸರಿ ಎಂದುಕೊಂಡು ಬರೆದು ಮುಗಿಸಿಬಿಡುತ್ತೀರಿ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೊ ಸೆರಿಫ್ ಕನ್ನಡ, ಇವೆಲ್ಲ ಮುಕ್ತ ಪರವಾನಗಿಯ ಫಾಂಟುಗಳು, ಅಡಿಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಬೋರ್ಡಿನ ಕೆಲಸವಾದರೆ ಇನ್ನೊಂದು ವಿಷಯ. ಪ್ರೊಕ್ರಿಯೇಟಿನದು ಪಿಕ್ಸೆಲ್ ಚಿತ್ರ. ಅಕ್ರಿಲಿಕ್, ಸ್ಟೀಲ್, ವಿನೈಲ್ ಕತ್ತರಿಸುವ ಯಂತ್ರಕ್ಕೆ ವೆಕ್ಟರ್, ಅಂದರೆ ಅಂಚನ್ನು ಗೆರೆಗಳ ಲೆಕ್ಕದಲ್ಲಿ ಹೇಳುವ ಚಿತ್ರ ಬೇಕು. ಇಂಕ್‌ಸ್ಕೇಪ್ ಅಥವಾ ಇಲ್ಲಸ್ಟ್ರೇಟರ್‌ನಲ್ಲಿ ಟ್ರೇಸ್ ಮಾಡಿದರೆ ಆ ಸುಂದರ ಒರಟು ಅಂಚಿನಿಂದ ಸಾವಿರಾರು ಚುಕ್ಕಿಗಳು ಹುಟ್ಟುತ್ತವೆ, ಕಟಿಂಗ್‌ನವರು ಫೋನ್ ಮಾಡಿ ಬೈಯುತ್ತಾರೆ. ಬೋರ್ಡಿಗೆ ಗ್ರೇನ್ ಇಲ್ಲದ, ಅಂಚು ನಯವಾದ ಮೂರನೇ ಪ್ರತಿ ಮಾಡಿಕೊಳ್ಳಿ. ಉಬ್ಬು ಅಕ್ಷರಗಳಾದರೆ ಒತ್ತಕ್ಷರ ಮೈಯಿಂದ ಬೇರೆಯಾಗಿ ನಿಲ್ಲದಂತೆ ನೋಡಿ. ಬೇರೆ ನಿಂತದ್ದನ್ನು ಬೇರೆ ಅಂಟಿಸುತ್ತಾರೆ, ಅದೇ ಮೊದಲು ಉದುರುತ್ತದೆ. ಚಿಕ್ಕಪೇಟೆಯಿಂದ ಅವೆನ್ಯೂ ರಸ್ತೆಗೆ ನಡೆದುಹೋಗುವಾಗ ತಲೆ ಎತ್ತಿ ನೋಡಿ, ಒತ್ತು ಕಳೆದುಕೊಂಡ ಬೋರ್ಡು ಕಂಡೀತು. ಬರೆಯುವಾಗಲೇ ಒತ್ತಿನ ತಲೆ ಮೇಲಿನ ಅಕ್ಷರದ ಹೊಟ್ಟೆಗೆ ತಾಗುವಂತೆ ಎಳೆಯಿರಿ. ತಾಗುವ ಜಾಗ ಎಷ್ಟು ದಪ್ಪ ಇದ್ದರೆ ಕತ್ತರಿಸುವಾಗ ಮುರಿಯುವುದಿಲ್ಲ ಎಂದು ಕಟಿಂಗ್ ಅಂಗಡಿಯವರನ್ನು ಮೊದಲೇ ಕೇಳಿಕೊಂಡು, ಬ್ರಷ್ಷಿನ ಕನಿಷ್ಠ ಗಾತ್ರವನ್ನು ಅದಕ್ಕೆ ಕಟ್ಟಿಬಿಡಿ.