ಈಜಿಪುರದ ಕಂಬಗಳು: ಶುರುವಾದ ಕೆಲಸ ನಡುವೆ ನಿಂತಿದ್ದು ಹೇಗೆ?

ಬೆಂಗಳೂರಿನ ಕೋರಮಂಗಲದ ಕಡೆ ಆಟೊ ಕರೆದರೆ ಡ್ರೈವರ್ ಫೋನಿನಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆ, "ಕಂಬದ ಈಚೆನಾ, ಆಚೆನಾ?" ಮೇಲೆ ರಸ್ತೆ ಇಲ್ಲದ ಕಂಬಗಳು, ತುದಿಯಲ್ಲಿ ಮಳೆಗೆ ತುಕ್ಕು ಹಿಡಿದ ಸರಳುಗಳು. ವರ್ಷಗಟ್ಟಲೆ ಈಜಿಪುರ ಫ್ಲೈಓವರ್ ಅಂದರೆ ಇಷ್ಟೇ ಆಗಿತ್ತು. ಯಾಕೆ ನಿಂತಿತು ಅಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ತಮಾಷೆ ಅಂದ್ರೆ, ಹೆಚ್ಚುಕಡಿಮೆ ಎಲ್ಲವೂ ನಿಜ.

ಹಳೆ ಕಥೆ ಚಿಕ್ಕದು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆ ಬಂತು, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಗೇಮ್ಸ್ ವಿಲೇಜ್ ಬಂತು, ದೊಮ್ಮಲೂರಿನಿಂದ ಇನ್ನರ್ ರಿಂಗ್ ರೋಡ್ ಬಂತು, ಹಿಂದೆಯೇ ಐಟಿ ಬಂತು, ಕೋರಮಂಗಲದ ಸೋನಿ ವರ್ಲ್ಡ್ ಸಿಗ್ನಲ್‌ನಲ್ಲಿ ಗಾಡಿಗಳು ಕದಲದಂತಾದವು.

ಈಜಿಪುರ ಜಂಕ್ಷನ್‌ನಿಂದ ಕೇಂದ್ರ ಸರ್ಕಾರದ ಕಚೇರಿಗಳಿರುವ ಕೇಂದ್ರೀಯ ಸದನದವರೆಗೆ ಸುಮಾರು ಎರಡೂವರೆ ಕಿಲೋಮೀಟರ್ ಫ್ಲೈಓವರ್ ಅಂತ ಪಾಲಿಕೆ ತೀರ್ಮಾನಿಸಿತು. ಅಂದಾಜು ವೆಚ್ಚ 200 ಕೋಟಿ ರೂಪಾಯಿಯ ಆಸುಪಾಸು. 2017ರಲ್ಲಿ ಕೆಲಸ ಶುರು, 2019ರ ನವೆಂಬರ್ ಗಡುವು.

ಅಡ್ಡಿಗಳು ನೆಲದಿಂದಲೇ ಎದ್ದವು. ಮರ ಕಡಿಯಲು ಒಪ್ಪಿಗೆ, ರ‍್ಯಾಂಪ್‌ಗೆ ಜಾಗ, ನೀರಿನ ಪೈಪು, ಕರೆಂಟಿನ ಕೇಬಲ್. ಒಂದೊಂದಕ್ಕೂ ಒಂದೊಂದು ಕಚೇರಿ, ಒಂದೊಂದು ಫೈಲು. ಜಾಗ ಪೂರ್ತಿ ಕೈಗೆ ಬರುವ ಮೊದಲೇ ಗುದ್ದಲಿ ಪೂಜೆ ಮಾಡುವುದು ನಮ್ಮಲ್ಲಿ ಹಳೆ ಅಭ್ಯಾಸ ಅಲ್ವಾ?

ಆಮೇಲೆ ದುಡ್ಡು. ಗುತ್ತಿಗೆದಾರ ಮೊದಲು ಕೈಯಿಂದ ಹಾಕಿ ಕೆಲಸ ಮಾಡುತ್ತಾನೆ, ಆಗಿರುವಷ್ಟನ್ನು ಅಳೆಸಿ ಬಿಲ್ ಕೊಡುತ್ತಾನೆ. ಬಿಲ್ ತಡವಾದರೆ ಕಬ್ಬಿಣ, ಸಿಮೆಂಟ್ ಕೊಟ್ಟವರ ಬಾಕಿ ಬೆಳೆಯುತ್ತದೆ. ಕೂಲಿ ಸರಿಯಾಗಿ ಸಿಗದ ಕಾರ್ಮಿಕರು ಬೇರೆ ಸೈಟಿಗೆ ಹೋಗುತ್ತಾರೆ. ಬಿಲ್ ಕೊಡಲಿಲ್ಲ, ಅದಕ್ಕೆ ಕೆಲಸ ಆಗಲಿಲ್ಲ ಅಂತ ಒಂದು ಕಡೆ. ಕೆಲಸ ಆಗಲಿಲ್ಲ, ಅದಕ್ಕೆ ಬಿಲ್ ಇಲ್ಲ ಅಂತ ಇನ್ನೊಂದು ಕಡೆ. ಇದರ ಮೇಲೆ ಕೊರೊನಾ ಬಂತು, ಕಾರ್ಮಿಕರು ಊರಿಗೆ ಹೊರಟರು. 2020ರ ಸೆಪ್ಟೆಂಬರ್‌ಗೆ ಪಾಲಿಕೆ ಸದಸ್ಯರ ಅವಧಿಯೂ ಮುಗಿಯಿತು. ಸಮಯಕ್ಕೆ ಚುನಾವಣೆ ನಡೆಯಲಿಲ್ಲ. ಬೈಯೋಣ ಅಂದರೂ ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ.

2022ರ ಮಾರ್ಚ್‌ನಲ್ಲಿ ಗುತ್ತಿಗೆ ರದ್ದಾಯಿತು. ಅಷ್ಟು ಹೊತ್ತಿಗೆ ಅರ್ಧ ಕೆಲಸವೂ ಆಗಿರಲಿಲ್ಲ. ರದ್ದು ಅಂದಾಗ ಜನ ಖುಷಿಪಟ್ಟರು, "ಇನ್ನು ಬೇಗ ಆಗತ್ತೆ" ಅಂದುಕೊಂಡರು. ನನ್ನ ಲೆಕ್ಕದಲ್ಲಿ ನಿಜವಾದ ತೊಡಕು ಶುರುವಾಗಿದ್ದೇ ಅಲ್ಲಿಂದ.

ಒಬ್ಬರು ಅರ್ಧ ಕಟ್ಟಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಖಾಲಿ ಜಾಗದಲ್ಲಿ ಕಟ್ಟುವುದಕ್ಕಿಂತ ಕಷ್ಟ. ಎಷ್ಟು ಕೆಲಸ ಆಗಿದೆ ಅಂತ ಮೊದಲು ಅಳೆಯಬೇಕು. ಉಳಿದದ್ದಕ್ಕೆ ಹೊಸ ಅಂದಾಜುಪಟ್ಟಿ ಬೇಕು. ಆಮೇಲೆ ಟೆಂಡರ್. ಇಲ್ಲೇ ಗಾಡಿ ಕೆಸರಲ್ಲಿ ಹೂತಿತು. ಬೇರೆಯವರು ನೆಟ್ಟ ಕಂಬದ ಮೇಲೆ ನಾನು ರಸ್ತೆ ಹಾಕಿದರೆ, ನಾಳೆ ಬಿರುಕು ಬಿಟ್ಟಾಗ ಜವಾಬ್ದಾರಿ ಯಾರದು? ಯಾವ ಗುತ್ತಿಗೆದಾರನಾದರೂ ಕೇಳುವ ಮಾತೇ ಇದು. ಈ ಭಯವನ್ನೂ ದರದಲ್ಲಿ ಸೇರಿಸಿಯೇ ಬಿಡ್ ಹಾಕುತ್ತಾರೆ. ಬಿಡ್ ಮಾಡಿದವರು ಕಡಿಮೆ, ಕೇಳಿದ ದರ ಜಾಸ್ತಿ. ಒಬ್ಬರೇ ಬಂದರೆ ಅವರಿಗೆ ಕೊಡಲು ಅಧಿಕಾರಿಗಳಿಗೆ ಅಂಜಿಕೆ, ನಾಳೆ ತನಿಖೆ ಅಂದರೆ ಸಹಿ ಮಾಡಿದವರೇ ಸಿಕ್ಕಿಬೀಳಬೇಕು. ಹಾಗಾಗಿ ಮರುಟೆಂಡರ್, ಮತ್ತೆ ಮರುಟೆಂಡರ್. ನಡುವೆ 2023ರ ವಿಧಾನಸಭಾ ಚುನಾವಣೆಯ ನೀತಿ ಸಂಹಿತೆ. ನಿಯಮ ಮುರಿದವರು ಯಾರೂ ಇಲ್ಲ, ಕಂಬಗಳು ಮಾತ್ರ ಸುಮ್ನೆ ಮಳೆಯಲ್ಲಿ ನೆನೆಯುತ್ತಿದ್ದವು.

ಬೆಂಗಳೂರಿಗಷ್ಟೇ ಅಂಟಿದ ರೋಗವಲ್ಲ ಇದು. ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ 2010ರಲ್ಲಿ ಶುರುವಾಗಿ 2020ರ ಜನವರಿ ಕೊನೆಗೆ ತೆರೆಯಿತು. ಅದು ಹೆದ್ದಾರಿಯವರ ಕೆಲಸ, ಇದು ಪಾಲಿಕೆಯದು. ಅಲ್ಲಿಯೂ ಜನ ಗಡುವುಗಳನ್ನು ಎಣಿಸಿ ಎಣಿಸಿ ನಕ್ಕಿದ್ದರು.

ಈಜಿಪುರಕ್ಕೆ 2023ರ ಕೊನೆಗೆ ಹೈದರಾಬಾದಿನ ಕಂಪನಿಯೊಂದು ಬಂತು. ಉಳಿದ ಕೆಲಸಕ್ಕೆ ಸುಮಾರು 176 ಕೋಟಿ. ಅಂದರೆ ಅರ್ಧಕ್ಕೆ ಚೂರು ಜಾಸ್ತಿ ಉಳಿದಿದ್ದ ಕೆಲಸಕ್ಕೆ ಹೆಚ್ಚುಕಡಿಮೆ ಮೊದಲಿನ ಇಡೀ ಫ್ಲೈಓವರ್‌ನ ದುಡ್ಡು. ಹೊಸದು ಕಟ್ಟುವ ಜತೆಗೆ, ವರ್ಷಗಟ್ಟಲೆ ಬಿದ್ದಿದ್ದ ಹಳೆ ಕಾಂಕ್ರೀಟ್ ಸೆಗ್ಮೆಂಟ್‌ಗಳು (ಕಂಬದ ಮೇಲೆ ಕೂರಿಸಲು ಮೊದಲೇ ಎರಕ ಹೊಯ್ದ ತುಂಡುಗಳು) ಇನ್ನೂ ಗಟ್ಟಿ ಇವೆಯೇ ಅಂತ ಪರೀಕ್ಷಿಸುವ ಕೆಲಸವೂ ಸೇರಿಕೊಂಡಿತು. ಕೊಟ್ಟಿದ್ದ ಗಡುವು 15 ತಿಂಗಳು. ಅದೂ 2025ರ ಆರಂಭಕ್ಕೆ ಕಳೆಯಿತು. ಸೋನಿ ವರ್ಲ್ಡ್ ಸಿಗ್ನಲ್‌ನಲ್ಲಿ ಗಾಡಿಗಳು ಆಗಲೂ ಕೆಳಗೇ ಸಾಲು ನಿಂತಿದ್ದವು.